ರಸ್ತೆಗೆ ದುಡ್ಡು ಯಾರದು, ಅಗೆಯುವ ಗುದ್ದಲಿ ಯಾರದು?

ಸಿಟಿ ಬಸ್ಸು ಗುಂಡಿಗೆ ಇಳಿದು ಎದ್ದಾಗಲೆಲ್ಲ ತುಮಕೂರಿನಲ್ಲಿ ಯಾರಾದರೊಬ್ಬರು ಒಂದು ಮಾತು ಅಂದೇ ಅನ್ನುತ್ತಾರೆ: ‘ನಾವು ಕಟ್ಟೋ ರೋಡ್ ಟ್ಯಾಕ್ಸು ಎಲ್ಲಿಗೆ ಹೋಯ್ತು?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ತೆರಿಗೆ ನಮ್ಮ ಮಹಾನಗರ ಪಾಲಿಕೆಯ ಬಾಗಿಲ ಮುಂದೂ ಹಾಯುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಗಾಡಿ ಕೊಂಡಾಗ ಕಟ್ಟುವ ಆಜೀವ ತೆರಿಗೆ, 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ, ರಾಜ್ಯದ ಬೊಕ್ಕಸಕ್ಕೆ ಜಮಾ. ಪೆಟ್ರೋಲು ಡೀಸೆಲ್ ಮೇಲೆ ಲೀಟರಿಗಿಷ್ಟು ಅಂತ ರಸ್ತೆ ಸೆಸ್ ಇದೆಯಲ್ಲ, ಅದು ದಿಲ್ಲಿಗೆ. 2000ನೇ ಇಸವಿಯ ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂದ ಮೇಲೆ ಅದರಿಂದ ಹೆದ್ದಾರಿಗಳು, ರಾಜ್ಯದ ದೊಡ್ಡ ರಸ್ತೆಗಳು, ರೈಲ್ವೆ ಮೇಲ್ಸೇತುವೆಗಳು ಆಗಿವೆ. ಹೊರಪೇಟೆಯ ಅಡ್ಡರಸ್ತೆಗೂ ಆ ದುಡ್ಡಿಗೂ ನಂಟಿಲ್ಲ. ಟೋಲ್ ಗೇಟಿನಲ್ಲಿ ಕೊಟ್ಟದ್ದಂತೂ ಅಲ್ಲಿಗೇ ಹೋಯಿತು.

ಇನ್ನು ಉಳಿದದ್ದು ಮನೆ, ಅಂಗಡಿಗೆ ಕಟ್ಟುವ ಆಸ್ತಿ ತೆರಿಗೆ. ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ನೂರಕ್ಕೆ 2 ದಂಡ. ಆ ರಸೀದಿಯನ್ನು ಒಮ್ಮೆ ತಿರುವಿ ನೋಡಿ. ತೆರಿಗೆಯ ಮೇಲೆ ನೂರಕ್ಕೆ 15 ಆರೋಗ್ಯ ಸೆಸ್, 6 ಗ್ರಂಥಾಲಯ ಸೆಸ್, 3 ಭಿಕ್ಷುಕರ ಸೆಸ್. ಮೂರೂ ಸೇರಿ 24. ಇವು ಆಯಾ ಬಾಬ್ತಿಗೆ ಹೋಗಬೇಕಾದ ದುಡ್ಡು, ಪಾಲಿಕೆ ಇಟ್ಟುಕೊಳ್ಳುವಂತಿಲ್ಲ. ಭಿಕ್ಷುಕರಿಗೂ ಒಂದು ಸಾಲು ಇರುವ ರಸೀದಿಯಲ್ಲಿ ರಸ್ತೆ ರಿಪೇರಿಗೆ ಅಂತ ಒಂದು ಸಾಲು ಇಲ್ಲ. ಉಳಿಯುವ ಮೂಲ ತೆರಿಗೆಯಲ್ಲೇ ಕಸ, ದೀಪ, ಚರಂಡಿ, ನೀರಿನ ಮೋಟಾರು, ಬೀದಿನಾಯಿ, ಎಲ್ಲಾ ಆಗಬೇಕು. ರಸ್ತೆ ಪಂಕ್ತಿಯ ಕೊನೆಯಲ್ಲಿ ಕೂತಿರುತ್ತದೆ.

ಮಂಡಿಪೇಟೆಯ ಹಳೆಯ ವರ್ತಕರಿಗೆ ಆಕ್ಟ್ರಾಯ್ ನೆನಪಿದ್ದೀತು. ಊರ ಬಾಗಿಲಲ್ಲಿ ನಾಕಾ, ಮೂಟೆ ಎಣಿಸಿ ಸುಂಕ. ಲಾರಿಯವರಿಗೂ ವರ್ತಕರಿಗೂ ಅದೊಂದು ಪೀಡೆಯೇ ಆಗಿತ್ತು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಆ ದುಡ್ಡು ಊರಿನದಾಗಿತ್ತು. 1979ರಲ್ಲಿ ಆಕ್ಟ್ರಾಯ್ ಹೋಯಿತು, ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂದು ರಾಜ್ಯದ ಖಜಾನೆ ಸೇರಿತು. 2017ರಲ್ಲಿ ಜಿ.ಎಸ್.ಟಿ. ಬಂದು ಪ್ರವೇಶ ತೆರಿಗೆಯೂ ಮುಳುಗಿತು, ಜಾಹೀರಾತು ತೆರಿಗೆಯೂ ಮುಳುಗಿತು. ಊರಿಗೆ ಉಳಿದದ್ದು ‘ಅನುದಾನ’ ಎಂಬ ಪದ. ಅಂದರೆ ಬೆಂಗಳೂರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿಂದಲೇ ಶುರು ನಮ್ಮ ರಸ್ತೆಗಳ ಅವಸ್ಥೆ.

ಕೈಯಲ್ಲಿ ದುಡ್ಡಿದ್ದವನು ಮನೆ ಹೇಗೆ ರಿಪೇರಿ ಮಾಡಿಸುತ್ತಾನೆ? ಯಾವ ಗೋಡೆ ಬೀಳುವ ಹಾಗಿದೆ ನೋಡಿ ಅದನ್ನು ಮೊದಲು ಹಿಡಿಯುತ್ತಾನೆ. ಯಾರೋ ಕೊಟ್ಟ ದುಡ್ಡಿನಲ್ಲಿ ಮಾಡಿಸುವವನು ಹಾಗೆ ಮಾಡುವಂತಿಲ್ಲ. ‘ಈ ದುಡ್ಡು ಬಾಗಿಲಿಗೆ ಮಾತ್ರ, ಮಾರ್ಚ್ 31ರೊಳಗೆ ಖರ್ಚಾಗಬೇಕು’ ಅಂದರೆ ಸೂರು ಸೋರುತ್ತಿದ್ದರೂ ಬಾಗಿಲಿಗೇ ಬಣ್ಣ. 15ನೇ ಹಣಕಾಸು ಆಯೋಗದ ಅನುದಾನ 2021ರಿಂದ ಐದು ವರ್ಷಕ್ಕೆ ಗೊತ್ತಾದದ್ದು. ನಮ್ಮಂಥ ಊರುಗಳಿಗೆ ಬಂದ ನೂರು ರೂಪಾಯಿಯಲ್ಲಿ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಹಾಕಿದ್ದು. ಉಳಿದ 40ರಲ್ಲಿ ಮಿಕ್ಕಿದ್ದೆಲ್ಲ. ಇದರ ಪಕ್ಕಕ್ಕೆ ರಾಜ್ಯ ಹಣಕಾಸು ಆಯೋಗದ ಪಾಲು, ನಗರೋತ್ಥಾನದ ಕಂತು, ಶಾಸಕರ ನಿಧಿ, ಸಂಸದರ ನಿಧಿ. ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಯೋಜನೆ, ಬೇರೆ ಬೇರೆ ಮಂಜೂರಾತಿ. ಊರಿನ ರಸ್ತೆಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದು, ಯಾವುದು ಎಷ್ಟು ಹಾಳಾಗಿದೆ ನೋಡಿ, ಸರದಿ ಪ್ರಕಾರ ಮಾಡುವ ಪದ್ಧತಿ ಇವುಗಳ ನಡುವೆ ಎಲ್ಲೂ ಇಲ್ಲ. ಅನುದಾನದ ಬಾಲ ಹಿಡಿದು ರಸ್ತೆ ಹೋಗುತ್ತದೆ.

ಇದಕ್ಕೆ ಅತಿ ದೊಡ್ಡ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಸ್ಮಾರ್ಟ್ ಸಿಟಿ ಯೋಜನೆ ಕೇಂದ್ರದಿಂದ ಶುರುವಾದದ್ದು 2015ರ ಜೂನ್‌ನಲ್ಲಿ. ತುಮಕೂರು ಆಯ್ಕೆಯಾದದ್ದು 2016ರ ಸೆಪ್ಟೆಂಬರ್‌ನಲ್ಲಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗದ ಜೊತೆ. ಒಂದು ಊರಿಗೆ ಕೇಂದ್ರದಿಂದ 500 ಕೋಟಿವರೆಗೆ, ಅದಕ್ಕೆ ಸರಿಸಮನಾಗಿ ರಾಜ್ಯದ ಕಡೆಯಿಂದ. ಇದನ್ನು ಖರ್ಚು ಮಾಡಲಿಕ್ಕೆ ಪಾಲಿಕೆಯ ಪಕ್ಕದಲ್ಲೇ ಇನ್ನೊಂದು ಕಂಪನಿ ಹುಟ್ಟಿತು. ಎಂ.ಜಿ. ರಸ್ತೆಯಿಂದ ಹಿಡಿದು ಪೇಟೆಯ ರಸ್ತೆಗಳನ್ನು ಅಗೆದದ್ದು, ಧೂಳು ಎದ್ದದ್ದು, ಅಂಗಡಿ ಮುಂದೆ ಹಲಗೆ ಹಾಕಿಕೊಂಡು ಗಿರಾಕಿಗಳನ್ನು ದಾಟಿಸಿದ್ದು, ಇದನ್ನೆಲ್ಲ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕೆಲಸವೇ ಆಗಿಲ್ಲ ಅಂದರೆ ಸುಳ್ಳಾದೀತು. ಅಗಲವಾದ ಫುಟ್‌ಪಾತು ಬಂದಿದೆ, ದೀಪ ಬಂದಿದೆ, ನಡೆದಾಡುವವರಿಗೆ ಕೆಲವು ಕಡೆ ನಿಜವಾಗಿ ಅನುಕೂಲವಾಗಿದೆ.

ಆದರೆ ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಮಾಡಲಿಕ್ಕೆ ದುಡ್ಡು ಬಂತು, ನೋಡಿಕೊಳ್ಳಲಿಕ್ಕೆ? ಡಾಂಬರು ರಸ್ತೆಯ ಮೇಲ್ಪದರಕ್ಕೆ ಐದಾರು ವರ್ಷ ಆಯುಸ್ಸು. ಅಷ್ಟರಲ್ಲಿ ಹೊಸ ಪದರ ಹಾಕಿದರೆ ಕೆಳಗಿನದು ಉಳಿಯುತ್ತದೆ, ಹಾಕದಿದ್ದರೆ ನೀರಿಳಿದು ಬುಡವೇ ಹೋಗುತ್ತದೆ. ಆಮೇಲೆ ಬುಡದಿಂದ ಕಟ್ಟಬೇಕು, ಖರ್ಚು ಹಲವು ಪಟ್ಟು. ಸೈಕಲ್ಲಿಗೆ ಎಣ್ಣೆ ಬಿಡದವನು ಚೈನು ಬದಲಾಯಿಸುತ್ತಾನಲ್ಲ, ಅದೇ ಕಥೆ. ಕಿತ್ತ ಫುಟ್‌ಪಾತಿನ ಕಲ್ಲು ಕೂರಿಸುವುದು, ಕೆಟ್ಟ ದೀಪ ಬದಲಾಯಿಸುವುದು, ಅದರ ಕರೆಂಟ್ ಬಿಲ್ಲು ಕಟ್ಟುವುದು ಇನ್ನು ಪಾಲಿಕೆಯ ತಲೆಯ ಮೇಲೆ. ಕೋಟಿ ಬೆಲೆಯ ಕಾರು ಇನಾಮು ಸಿಕ್ಕಿದೆ, ಪೆಟ್ರೋಲಿಗೆ ಮಾತ್ರ ನಮ್ಮ ಜೇಬು ನೋಡಿಕೊಳ್ಳಬೇಕು.

ಈಗ ಗುದ್ದಲಿಯ ವಿಚಾರಕ್ಕೆ ಬರೋಣ. ಒಂದು ಬೀದಿಯ ಹೊಟ್ಟೆಯೊಳಗೆ ಏನೇನಿದೆ? ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರಿನ ಪೈಪು, ಒಳಚರಂಡಿ, ಬೆಸ್ಕಾಂ ಕೇಬಲ್ಲು, ಟೆಲಿಫೋನು ಮತ್ತು ಇಂಟರ್‌ನೆಟ್‌ನವರ ಕೇಬಲ್ಲು, ಈಚೆಗೆ ಅಡುಗೆ ಅನಿಲದ ಕೊಳವೆ. ಐದೂ ಐದು ಯಜಮಾನರು. ಮದುವೆ ಮನೆಯಲ್ಲಿ ಊಟ ಬಡಿಸುವವರಿಗಿರುವ ಕ್ರಮವೂ ಇವರ ನಡುವೆ ಇಲ್ಲ. ಮೊದಲು ಆಳದ ಒಳಚರಂಡಿ, ಆಮೇಲೆ ನೀರು, ಆಮೇಲೆ ಕೇಬಲ್ಲು, ಪ್ರತಿ ಮನೆಗೂ ಕನೆಕ್ಷನ್ನು, ಅಷ್ಟಾದ ಮೇಲೆ ರಸ್ತೆ ಅಂತ ಶಾಲೆಯ ಮಗುವೂ ಹೇಳೀತು. ಆದರೆ ನೀರಿನ ಯೋಜನೆಯ ದುಡ್ಡು ಬರುವ ವರ್ಷ ಬೇರೆ, ರಸ್ತೆಯ ದುಡ್ಡು ಬರುವ ವರ್ಷ ಬೇರೆ. ರಸ್ತೆಯ ದುಡ್ಡು ಮೊದಲು ಬಂದರೆ ಏನು ಮಾಡುವುದು? ವಾಪಸ್ಸು ಕಳಿಸಿದರೆ ‘ಅನುದಾನ ಬಳಸಲಿಲ್ಲ’ ಅಂತ ಕಪ್ಪುಚುಕ್ಕೆ. ಹಾಕಿಬಿಡು ಡಾಂಬರು! ಮುಂದಿನ ವರ್ಷ ಪೈಪಿನವನು ಬಂದು ಅಗೆದುಕೊಳ್ಳಲಿ.

ಅಗೆಯುವವರು ಪುಕ್ಕಟೆ ಅಗೆಯುವುದಿಲ್ಲ. ಪಾಲಿಕೆಯ ಅನುಮತಿ ಬೇಕು, ರಸ್ತೆ ಮರುಸ್ಥಾಪನೆಗೆ ದುಡ್ಡು ಕಟ್ಟಬೇಕು ಅಥವಾ ತಾವೇ ಮುಚ್ಚಿಕೊಡುತ್ತೇವೆಂದು ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಹಾಗೆ ಕಟ್ಟಿದ ದುಡ್ಡು ಅದೇ ಬೀದಿಗೆ, ಅದೇ ವರ್ಷ ವಾಪಸ್ಸು ಬರುತ್ತದೆಯೇ, ಇಲ್ಲಾ ಪಾಲಿಕೆಯ ಸಾಮಾನ್ಯ ಖಾತೆಯಲ್ಲಿ ಕರಗುತ್ತದೆಯೇ? ಬೀದಿವಾರು ಲೆಕ್ಕ ಹೊರಗಿಟ್ಟರೆ ಮಾತ್ರ ತಿಳಿಯುತ್ತದೆ. ಮುಚ್ಚುವ ಕ್ರಮವೂ ಇದೆ. ಮಣ್ಣನ್ನು ಪದರ ಪದರವಾಗಿ ತುಂಬಿ, ನೀರು ಹಾಕಿ, ದಮ್ಮಸ್ಸು ಮಾಡಬೇಕು. ಗುಡ್ಡೆ ಮಣ್ಣು ಎಳೆದು ಮೇಲೆ ಜಲ್ಲಿ ಚೆಲ್ಲಿದರೆ ಮೊದಲ ಮಳೆಗೆ ಸಾಲು ಕುಸಿಯುತ್ತದೆ, ಸ್ಕೂಟರಿನವನು ಅದರೊಳಗೆ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಅಗೆಯುವ ಮುಂಚೆ ತಿಳಿಸಿ’ ಎಂಬರ್ಥದ ಒಂದು ಮೊಬೈಲ್ ಆ್ಯಪ್ ಬಿಟ್ಟಿದೆ. ಅಗೆಯುವವನು ಅದರಲ್ಲಿ ಹೇಳಿದರೆ ಕೆಳಗೆ ಕೇಬಲ್ಲು ಪೈಪು ಇರುವವರಿಗೆಲ್ಲ ಸುದ್ದಿ ಹೋಗುತ್ತದೆ. ಒಳ್ಳೆಯದೇ. ಆದರೆ ಅಂಗಡಿಯವನಿಗೆ ಸುದ್ದಿ ಹೇಳುವ ಆ್ಯಪ್ ಇನ್ನೂ ಬಂದಿಲ್ಲ. ಬೆಳಗ್ಗೆ ಷಟರ್ ಎತ್ತಿದಾಗ ಜೆ.ಸಿ.ಬಿ. ನಿಂತಿದ್ದರೆ ಅದೇ ನೋಟೀಸು.

ಈ ನಷ್ಟವನ್ನು ಯಾವ ಅಂದಾಜು ಪಟ್ಟಿಯಲ್ಲೂ ಹಾಕುವುದಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಜಲ್ಲಿಗೆ ದರ ಇದೆ, ಡಾಂಬರಿಗೆ ದರ ಇದೆ, ಕೂಲಿಗೆ ದರ ಇದೆ. ಎರಡು ತಿಂಗಳ ಕೆಲಸ ಎಂಟು ತಿಂಗಳಾದಾಗ ಬಳೆ ಅಂಗಡಿಯವಳು ಕಳಕೊಂಡ ವ್ಯಾಪಾರಕ್ಕೆ ದರ ಇಲ್ಲ. ಬಾಡಿಗೆ ಆಕೆ ಕಟ್ಟಲೇಬೇಕು, ಟ್ರೇಡ್ ಲೈಸೆನ್ಸ್ ಶುಲ್ಕವೂ ಕಟ್ಟಲೇಬೇಕು. ಪರಿಹಾರ ಕೊಡಿ ಅಂತ ನಾನು ಹೇಳುತ್ತಿಲ್ಲ, ಅಷ್ಟು ದುಡ್ಡು ಪಾಲಿಕೆಯಲ್ಲಿಲ್ಲ. ಅರ್ಧ ಅರ್ಧ ಬೀದಿ ಹಿಡಿಯಿರಿ, ದಸರಾ ದೀಪಾವಳಿ ವ್ಯಾಪಾರದ ಕಾಲ ಬಿಡಿ, ತಡವಾದರೆ ಗುತ್ತಿಗೆದಾರನಿಗೆ ಹಾಕುವ ದಂಡವನ್ನು ನಿಜವಾಗಿ ಹಾಕಿ. ಕರಾರಿನಲ್ಲಿ ದಂಡದ ಕಲಮು ಈಗಲೂ ಇರುತ್ತದೆ.

ಗುತ್ತಿಗೆದಾರನ ಮಾತು ಬಂದಿದ್ದರಿಂದ ಒಂದು ಕೋಟಿಯ ಲೆಕ್ಕ ನೋಡೋಣ. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗೆ ಜಿ.ಎಸ್.ಟಿ. ನೂರಕ್ಕೆ 12 ಇದ್ದದ್ದು 18 ಆಗಿದೆ. ಎಲ್ಲಾ ಸೇರಿ ಒಂದು ಕೋಟಿಯ ಕಾಮಗಾರಿ ಅಂದರೆ ಅದರಲ್ಲಿ 15 ಲಕ್ಷದ ಚಿಲ್ಲರೆ ತೆರಿಗೆಯಾಗಿ ಸರ್ಕಾರಗಳಿಗೇ ವಾಪಸ್ಸು. ಕಾರ್ಮಿಕ ಕಲ್ಯಾಣದ ಸೆಸ್ ನೂರಕ್ಕೆ 1. ಜಲ್ಲಿ ಮಣ್ಣಿಗೆ ರಾಜಧನ. ಗುತ್ತಿಗೆದಾರನ ಲಾಭ ದರಪಟ್ಟಿಯೊಳಗೇ ಸೇರಿರುತ್ತದೆ, ಅದು ನ್ಯಾಯವೇ. ಬಿಲ್ಲು ತಿಂಗಳುಗಟ್ಟಲೆ ಬಾಕಿ ಬಿದ್ದರೆ ಅವನು ತಂದ ಸಾಲದ ಬಡ್ಡಿಯೂ ಎಲ್ಲಿಂದಲಾದರೂ ಹುಟ್ಟಬೇಕು. ಇದರ ಮೇಲೆ ‘ಪರ್ಸೆಂಟೇಜು’ ಎಂಬ ಮಾತು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ದೂರು ಬರೆದು ನೂರಕ್ಕೆ 40 ಎಂದು ಆರೋಪ ಮಾಡಿತ್ತು, ಅದು ಚುನಾವಣೆಯ ಮಾತೂ ಆಯಿತು. ಸತ್ಯ ಎಷ್ಟೋ ತನಿಖೆ ಮಾಡುವವರಿಗೆ ಬಿಟ್ಟದ್ದು. ಆದರೆ ಹರಿದು ಹೋದ ದುಡ್ಡು ಎಲ್ಲಿ ಕಾಣುತ್ತದೆ ಎಂಬುದನ್ನು ನಾವು ನೀವು ಒಂದು ಸ್ಕೇಲು ಹಿಡಿದು ನೋಡಬಹುದು.

ಹೇಗೆ ಅಂತೀರೋ? ಒಂದು ಕಿಲೋಮೀಟರ್ ಉದ್ದ, 7 ಮೀಟರ್ ಅಗಲದ ರಸ್ತೆಗೆ 30 ಮಿಲಿಮೀಟರ್ ದಪ್ಪದ ಡಾಂಬರು ಪದರ ಅಂದರೆ 210 ಘನ ಮೀಟರ್ ಮಾಲು. ತೂಕದಲ್ಲಿ ಸುಮಾರು 480 ಟನ್ನು. ಈಗ 30ರ ಬದಲು 20 ಮಿಲಿಮೀಟರ್ ಹಾಕಿದರು ಅಂತಿಟ್ಟುಕೊಳ್ಳಿ. ಮೇಲಿಂದ ನೋಡಿದರೆ ಎರಡೂ ಒಂದೇ ಕಪ್ಪು, ಒಂದೇ ನುಣುಪು. ಆದರೆ 160 ಟನ್ನು ಕಾಣೆ! ಹತ್ತು ಟನ್ನಿನ ಲೋಡಿನಲ್ಲಿ ಹದಿನಾರು ಲಾರಿ. ಒಂದು ಬೆರಳಿನಗಲವೂ ಇಲ್ಲದ ವ್ಯತ್ಯಾಸದಲ್ಲಿ ಹದಿನಾರು ಲಾರಿ ಮಾಲು ಅಡಗಿಕೊಳ್ಳುತ್ತದೆ. ಇದನ್ನು ಹಿಡಿಯಲಿಕ್ಕೆ ಎಂಜಿನಿಯರಿಗೆ ಕೋರ್ ಕಟಿಂಗ್ ಯಂತ್ರ ಇದೆ, ದುಂಡಗೆ ಕತ್ತರಿಸಿ ದಪ್ಪ ಅಳೆಯುತ್ತಾರೆ. ಅಳತೆ ಪುಸ್ತಕ, ಅಂದರೆ ಎಂ.ಬಿ.ಯಲ್ಲಿ ಬರೆದದ್ದಕ್ಕೂ ನೆಲದಲ್ಲಿರುವುದಕ್ಕೂ ತಾಳೆ ನೋಡುವುದು ಅಲ್ಲೇ. ಕೆಲಸ ನಡೆಯುವಾಗ ಹೊಸ ಪದರದ ಅಂಚಿನಲ್ಲಿ ಮಕ್ಕಳ ಜಾಮಿಟ್ರಿ ಸ್ಕೇಲು ಇಟ್ಟರೂ ಸಾಕು, ಉರುಳೆ ಹೊಡೆದ ಮೇಲೆ ಎಷ್ಟಿದೆ ಗೊತ್ತಾಗುತ್ತದೆ. ಅಳೆಯುವವರಿದ್ದಾರೆ ಅಂತ ತಿಳಿದರೆ ಮಾಲು ತಾನಾಗಿ ದಪ್ಪವಾಗುತ್ತದೆ.

ವಾರ್ಡುಗಳ ಒಳಗೆ ಈಗ ಕಾಂಕ್ರೀಟು ಕಾಲ. ಬಾಳಿಕೆ ಜಾಸ್ತಿ, ಸರಿಯಾಗಿ ಮಾಡಿದರೆ ಇಪ್ಪತ್ತು ಮೂವತ್ತು ವರ್ಷ. ಆದರೆ ಕನಿಷ್ಠ ಹದಿನಾಲ್ಕು ದಿನ ನೀರುಣಿಸಬೇಕು, ಗಟ್ಟಿಯಾಗುವವರೆಗೆ ಗಾಡಿ ಬಿಡಬಾರದು. ಮೂರನೇ ದಿನಕ್ಕೇ ಟೇಪು ಕಿತ್ತು ಬೈಕು ನುಗ್ಗಿಸುವವರು ಗುತ್ತಿಗೆದಾರರಲ್ಲ, ನಾವೇ. ಹಳೇ ರಸ್ತೆ ಕೀಳದೆ ಅದರ ಮೇಲೇ ಕಾಂಕ್ರೀಟು ಹೇರಿದರೆ ರಸ್ತೆ ಎತ್ತರ, ಮನೆ ತಗ್ಗು. ಮಳೆ ಬಂದಾಗ ರಸ್ತೆ ಒಣಗಿರುತ್ತದೆ, ನಡುಮನೆಯಲ್ಲಿ ನೀರು.

ಅಂಗಡಿಯವರ ಬೆನ್ನಿಗೆ ನಿಂತು ಇಷ್ಟು ಬರೆದ ಮೇಲೆ ಅವರಿಗೆ ಕಹಿಯಾಗುವ ಮಾತೂ ಹೇಳಬೇಕು. ಡಾಂಬರಿನ ಶತ್ರು ಲಾರಿಗಿಂತ ಹೆಚ್ಚಾಗಿ ನೀರು. ನಮ್ಮ ಪೇಟೆಯಲ್ಲಿ ಚರಂಡಿಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮೆಟ್ಟಿಲು, ಮೆಟ್ಟಿಲ ಮೇಲೆ ಸಾಮಾನು. ಹೂಳು ತೆಗೆಯುವವನು ಸಲಿಕೆ ಎಲ್ಲಿ ಹಾಕಬೇಕು? ಚರಂಡಿ ಕಟ್ಟಿದರೆ ನೀರು ರಸ್ತೆಗೇ ಬರುತ್ತದೆ. ಎರಡು ಮಳೆಗಾಲ ಹಾಗೆ ನಿಂತರೆ ಎಂಥ ಗುತ್ತಿಗೆದಾರನ ರಸ್ತೆಯೂ ಉಳಿಯುವುದಿಲ್ಲ.

ಹೊರವಲಯದ ಬಡಾವಣೆಗಳದ್ದು ಬೇರೆ ಗೋಳು. ಲೇಔಟ್ ಮಾಡಿದವನು ರಸ್ತೆ, ಚರಂಡಿ ಮಾಡಿಕೊಡದೆ ಸೈಟು ಮಾರಿ ಕೈತೊಳೆದುಕೊಂಡ. ಕೊಂಡವರು ಮಧ್ಯಮ ವರ್ಗದವರು, ಉಳಿತಾಯವೆಲ್ಲ ಸುರಿದವರು. ಖಾತೆ ಇಲ್ಲದ್ದರಿಂದ ತೆರಿಗೆ ಇಲ್ಲ, ತೆರಿಗೆ ಇಲ್ಲದ್ದರಿಂದ ರಸ್ತೆ ಕೇಳುವ ಹಕ್ಕಿಲ್ಲ ಅನ್ನುವ ಉತ್ತರ. 2025ರ ಫೆಬ್ರುವರಿಯಿಂದ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು, ಮೊದಲ ಸಲಕ್ಕೆ ಎರಡು ಪಟ್ಟು ತೆರಿಗೆ. ಪಾಲಿಕೆಗೆ ಆದಾಯ ಬರಲಿ, ಸಂತೋಷ. ಎರಡು ಪಟ್ಟು ಕಟ್ಟಿದವನ ಬೀದಿಗೆ ಅರ್ಧ ಪಟ್ಟಾದರೂ ಜಲ್ಲಿ ಬೀಳಬೇಕಲ್ಲವೇ?

ನಾವು ಕೇಳುವುದು ಹೊಸ ಯೋಜನೆಯನ್ನಲ್ಲ. ಒಂದು ರಿಜಿಸ್ಟರನ್ನು. ಪಾಲಿಕೆಯ 35 ವಾರ್ಡುಗಳ ಪ್ರತಿ ರಸ್ತೆಗೂ ಒಂದು ಸಾಲು: ರಸ್ತೆ ಯಾರದು, ಪಾಲಿಕೆಯದೋ, ಲೋಕೋಪಯೋಗಿಯದೋ, ಹೆದ್ದಾರಿಯವರದೋ, ಕೊನೆಗೆ ಮಾಡಿದ್ದು ಯಾವ ವರ್ಷ, ಯಾವ ಅನುದಾನ, ಎಷ್ಟು ದಪ್ಪ, ಕೆಳಗೆ ಯಾವ ಪೈಪು ಇದೆ, ಯಾವುದು ಬರಬೇಕು, ಗುತ್ತಿಗೆದಾರನ ಹೊಣೆ ಯಾವ ತಾರೀಕಿಗೆ ಮುಗಿಯುತ್ತದೆ. ಕೊನೆಯದು ಬಹಳ ಮುಖ್ಯ. ಕಾಮಗಾರಿ ನೋಡಿ ಒಂದು, ಎರಡು, ಮೂರು ವರ್ಷದವರೆಗೆ ರಸ್ತೆ ಕಿತ್ತರೆ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡುವ ಹೊಣೆ ಗುತ್ತಿಗೆದಾರನದು, ಅದಕ್ಕಾಗಿಯೇ ಅವನ ಠೇವಣಿ ಹಿಡಿದಿಟ್ಟಿರುತ್ತಾರೆ. ಆ ತಾರೀಕು ಜನರಿಗೆ ತಿಳಿಯದೆ ದಾಟಿಹೋಗುತ್ತದೆ, ಠೇವಣಿ ಬಿಡುಗಡೆಯಾಗುತ್ತದೆ, ಮರುದಿನದ ಗುಂಡಿ ನಮ್ಮ ತೆರಿಗೆಯ ಗುಂಡಿ.

ಇಂಥ ರಿಜಿಸ್ಟರ್ ಇದ್ದರೆ ಯಾವ ಅನುದಾನ ಬಂದರೂ ಪಟ್ಟಿಯ ಮೇಲಿನ ಬೀದಿಗೆ ಹೋಗುತ್ತದೆ, ಪ್ರಭಾವ ಇದ್ದವರ ಬೀದಿಗಲ್ಲ. ‘ಸಿಬ್ಬಂದಿ ಇಲ್ಲ’ ಅಂತಾರೆ. ಇಲ್ಲ ಎಂಬುದು ನಿಜವೇ. ಆದರೆ ಪ್ರತಿ ವಾರ್ಡಿಗೂ ಒಂದು ವಾರ್ಡ್ ಸಮಿತಿ ಇರಬೇಕೆಂದು ಪಾಲಿಕೆಗಳ ಕಾಯ್ದೆಗೆ 2011ರಲ್ಲೇ ತಿದ್ದುಪಡಿ ಆಗಿದೆಯಲ್ಲ? ಬೀದಿ ಎಣಿಸಿ ಬರೆದುಕೊಡಲಿಕ್ಕೆ ನಿವೃತ್ತ ಮೇಷ್ಟರು, ಓವರ್‌ಸೀಯರು ಪ್ರತಿ ವಾರ್ಡಿನಲ್ಲೂ ಸಿಗುತ್ತಾರೆ. ಚುನಾಯಿತ ಮಂಡಳಿ ಇರಲಿ, ಆಡಳಿತಾಧಿಕಾರಿ ಇರಲಿ, ಬಜೆಟ್ಟಿಗೆ ಮುಂಚೆ ಕರೆಯುವ ಪೂರ್ವಭಾವಿ ಸಭೆಯಲ್ಲಿ ಈ ರಿಜಿಸ್ಟರನ್ನು ಮೇಜಿನ ಮೇಲಿಡಲಿ. ಸಭೆಯಲ್ಲಿ ಕಾಫಿ ಬೋಂಡ ಕೊಡದಿದ್ದರೂ ನಡೆದೀತು.

ಅವರು ಇಡುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಒಂದು ಅರ್ಜಿ, ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಆದ್ದರಿಂದ ಊರಿನ ರಾಮಾಯಣವೆಲ್ಲ ಬರೆಯಬೇಡಿ. ನಿಮ್ಮ ಅಂಗಡಿ ಮುಂದಿನ ಒಂದೇ ರಸ್ತೆ ಹಿಡಿಯಿರಿ. ಕೊನೆಯ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಹೊಣೆ ಮುಗಿಯುವ ತಾರೀಕು, ಆ ಬೀದಿಯನ್ನು ಅಗೆಯಲು ಕೊಟ್ಟ ಅನುಮತಿಗಳು ಮತ್ತು ಅದಕ್ಕೆ ಬಂದ ದುಡ್ಡು, ಇಷ್ಟು ಕೇಳಿ. 30 ದಿನದೊಳಗೆ ಉತ್ತರ ಬರಬೇಕು, ಪ್ರತಿಗೆ ಪುಟಕ್ಕೆ 2 ರೂಪಾಯಿ. ಬಂದ ಉತ್ತರದ ಒಂದು ಜೆರಾಕ್ಸನ್ನು ನಮ್ಮ ಪತ್ರಿಕೆ ಕಚೇರಿಗೂ ತಲುಪಿಸಿ. ಬೀದಿ ಬೀದಿಯ ಲೆಕ್ಕವನ್ನು ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.